ನೀರಾವರಿಗೆ ಸೌರಶಕ್ತಿ ಸಂಗ್ರಹ: ಬ್ಯಾಟರಿಯೋ, ಕೃಷಿ ಹೊಂಡವೋ?

ಸೌರ ವಿದ್ಯುತ್ ಹಗಲಿನಲ್ಲಿ ಮಾತ್ರ ದೊರೆಯುತ್ತದೆ. ಅದನ್ನು ರಾತ್ರಿಯ ನೀರಾವರಿಗೆ ಉಳಿಸಲು ಬ್ಯಾಟರಿ ಖರೀದಿಸಬಯಸುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ರೈತ ಬಾಂಧವರು ಮೊದಲು ಈ ಲೆಕ್ಕವನ್ನು ಗಮನಿಸಬೇಕು.

ಬ್ಯಾಟರಿಯ ಲೆಕ್ಕ
5 ಎಚ್‌ಪಿ ಪಂಪ್ 5 ಗಂಟೆ ಓಡಲು ಕನಿಷ್ಠ 18.6 ಯೂನಿಟ್ ವಿದ್ಯುತ್ ಬೇಕು. 12 ವೋಲ್ಟ್, 150 ಆಂಪಿಯರ್-ಅವರ್‌ನ ಸೀಸ-ಆಮ್ಲ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿಯುತ್ತದೆ. ಬಾಳಿಕೆಯ ದೃಷ್ಟಿಯಿಂದ ಅದರಲ್ಲಿ ಅರ್ಧದಷ್ಟನ್ನೇ ಬಳಸಬೇಕು. ಹೀಗಾಗಿ ಇಂತಹ ಸುಮಾರು 21 ಬ್ಯಾಟರಿಗಳು ಬೇಕಾಗುತ್ತವೆ.

ನೀರಿನ ಲೆಕ್ಕ
10 ಮೀಟರ್ ಉದ್ದ, 10 ಮೀಟರ್ ಅಗಲ, 1 ಮೀಟರ್ ಆಳದಷ್ಟು ನೀರೆಂದರೆ 1 ಲಕ್ಷ ಲೀಟರ್. ಪಂಪಿನ ನಷ್ಟವನ್ನು ಹೊರತುಪಡಿಸಿ, ಇಷ್ಟು ನೀರನ್ನು ಕೊಳವೆಬಾವಿಯ 100 ಮೀಟರ್ ಆಳದಿಂದ ಎತ್ತಲು ಸುಮಾರು 27 ಯೂನಿಟ್ ಬೇಕು. ಅದೇ ನೀರನ್ನು ಹೊಂಡದಿಂದ ಹನಿ ನೀರಾವರಿಗೆ 1 ಕೆ.ಜಿ. ಒತ್ತಡದಲ್ಲಿ ಹರಿಸಲು 2.7 ಯೂನಿಟ್ ಸಾಕು. ಅಂದರೆ ಹಗಲಿನಲ್ಲಿ ಹೊಂಡ ತುಂಬಿಸಿಕೊಂಡರೆ ರಾತ್ರಿಯ ಅಗತ್ಯ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಶರಾವತಿ ಕಣಿವೆಯಲ್ಲಿ ಪ್ರಸ್ತಾಪಿಸಲಾಗಿರುವ 2000 ಮೆಗಾವ್ಯಾಟ್ ಭೂಗತ ಯೋಜನೆಯೂ ನೀರನ್ನು ಮೇಲೆತ್ತಿ ಶಕ್ತಿಯನ್ನು ಸಂಗ್ರಹಿಸುವ ತತ್ತ್ವದ್ದೇ ಆಗಿದೆ.

ತುಂಗಭದ್ರಾ ದಂಡೆಯ ಪಂಪ್‌ಗಳಲ್ಲಿ ನೀರೆತ್ತುವ ಎತ್ತರ ಕಡಿಮೆ ಇರುವುದರಿಂದ ಈ ಉಳಿತಾಯವೂ ಕಡಿಮೆ. ಅಲ್ಲಿ ಹಗಲಿನಲ್ಲಿಯೇ ನೇರವಾಗಿ ನೀರು ಹಾಯಿಸುವುದು ಸೂಕ್ತ.

ಬ್ಯಾಟರಿಗಳ ವಿಧಗಳು
• ಸೀಸ-ಆಮ್ಲ: ಆರಂಭಿಕ ಬೆಲೆ ಕಡಿಮೆ, ಬಾಳಿಕೆಯೂ ಕಡಿಮೆ. ದ್ರವವಿರುವ ಮಾದರಿಗಳಿಗೆ ಕಾಲಕಾಲಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು.
• ಲಿಥಿಯಂ ಐರನ್ ಫಾಸ್ಫೇಟ್: ಸಾಮರ್ಥ್ಯದ ಶೇ. 80ರಷ್ಟನ್ನು ಬಳಸಬಹುದು. ಸಾವಿರಾರು ಬಾರಿ ಚಾರ್ಜ್ ಮಾಡಬಹುದು. ಇದಕ್ಕೆ ಹೊಂದುವ ಚಾರ್ಜರ್ ಕಡ್ಡಾಯ.
• ಸೋಡಿಯಂ-ಅಯಾನ್: ಲಿಥಿಯಂ ಬೇಕಿಲ್ಲ, ಉಪ್ಪಿನಲ್ಲಿರುವ ಸೋಡಿಯಂ ಇದರ ಆಧಾರ. ಅಷ್ಟೇ ಶಕ್ತಿಗೆ ತೂಕ ಹೆಚ್ಚು.
• ವನೇಡಿಯಂ ಫ್ಲೋ: ಶಕ್ತಿಯು ಟ್ಯಾಂಕುಗಳಲ್ಲಿನ ದ್ರಾವಣದಲ್ಲಿ ಸಂಗ್ರಹವಾಗುತ್ತದೆ. ಇದು ವಿದ್ಯುತ್ ಜಾಲದ ಮಟ್ಟದ ಬೃಹತ್ ಸಂಗ್ರಹಕ್ಕೆ ತಕ್ಕುದು; ಒಂದು ಜಮೀನಿಗೆ ಸೂಕ್ತವಲ್ಲ.

ಶಿಫಾರಸುಗಳು
1. ನೀರಾವರಿಗೆ ಮೊದಲ ಆದ್ಯತೆಯನ್ನು ಕೃಷಿ ಹೊಂಡ ಅಥವಾ ತೊಟ್ಟಿಗೆ ನೀಡಿರಿ. ನೀರು ಇಂಗುವ ಕೆಂಪು ಮಣ್ಣಿನಲ್ಲಿ ಹೊಂಡಕ್ಕೆ ಪಾಲಿಥೀನ್ ಹೊದಿಕೆ ಹಾಕಿಸಿ, ಸುತ್ತಲೂ ತಪ್ಪದೇ ಬೇಲಿ ನಿರ್ಮಿಸಿರಿ.
2. ಹನಿ ನೀರಾವರಿಯ ಸಣ್ಣ ಪಂಪ್, ದೀಪ ಮತ್ತು ಸಿಂಪಡಣಾ ಯಂತ್ರಗಳಿಗೆ ಮಾತ್ರ ಬ್ಯಾಟರಿ ಬಳಸಿರಿ.
3. ಬೆಲೆಯನ್ನು ಹೋಲಿಸುವಾಗ ಬಳಸಬಹುದಾದ ಯೂನಿಟ್, ಚಾರ್ಜ್ ಆವರ್ತಗಳ ಸಂಖ್ಯೆ ಮತ್ತು ವಾರಂಟಿಯನ್ನು ಬರಹದಲ್ಲಿ ಪಡೆಯಿರಿ.
4. ಹಳೆಯ ಬ್ಯಾಟರಿಯನ್ನು ಒಡೆಯಬೇಡಿರಿ. ಅದರಲ್ಲಿನ ಸೀಸವು ಮಣ್ಣಿಗೂ ಮಕ್ಕಳಿಗೂ ವಿಷ. ಮಾರಾಟಗಾರರಿಗೆ ಮರಳಿಸಿರಿ.

ಹೊಂಡದ ಅಳತೆ ನಿರ್ಧರಿಸಲು ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ.