ಎರೆ ಮಣ್ಣಿನ ಜಿಗುಟು ಕಾರಿನ ಎಂಜಿನ್‌ವರೆಗೆ ಹೋದ ಕಥೆ

ಎರೆ ಹೊಲ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುವ ಜಿಗುಟು. ಧಾರವಾಡ, ಗದಗ, ವಿಜಯಪುರದ ಕಡೆ ಎಷ್ಟೋ ಮನೆಗಳ ಗೋಡೆ ಸೀಳುವುದೂ ಈ ಗುಣದಿಂದಲೇ. ಇದಕ್ಕೆ ಮುಖ್ಯ ಕಾರಣ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಖನಿಜ. ಫ್ರಾನ್ಸಿನ ಒಂದು ಊರಿನಿಂದ ಬಂದ ಹೆಸರು ಅದು. ನಾವು ಬೈಯುವ ಈ ಉಬ್ಬುವ ಗುಣವನ್ನೇ ಜಪಾನಿನವರು 1980ರ ದಶಕದಲ್ಲಿ ಬಂಡವಾಳ ಮಾಡಿಕೊಂಡರು.

ಪ್ಲಾಸ್ಟಿಕ್ಕಿಗೆ ಪುಡಿ ಬೆರೆಸುವುದು ಅದಕ್ಕೂ ಹಳೆಯದು. ಗೋಡೆಯ ಮಣ್ಣಿಗೆ ನಾವು ಹುಲ್ಲು ಕಲಸಿದ ಹಾಗೆಯೇ ಅದು. ಟೈರು ಕಪ್ಪಗಿರುವುದು ಮಸಿಪುಡಿ ಸೇರಿಸಿದ್ದರಿಂದ. ಪೈಪುಗಳಲ್ಲಿ ಸುಣ್ಣದ ಕಲ್ಲಿನ ಪುಡಿ ಇರುತ್ತದೆ. ಆದರೆ ಗಡಸು ಬರಬೇಕೆಂದರೆ ಇಂಥ ಖನಿಜದ ಪುಡಿಯನ್ನು ಬಹಳ ಹಾಕಬೇಕು, ಆಗ ವಸ್ತು ಭಾರವಾಗುತ್ತದೆ.

ನಾಗೋಯಾ ಹತ್ತಿರದ ಟೊಯೋಟಾ ಕೇಂದ್ರ ಸಂಶೋಧನಾಲಯದವರು ಬೇರೆ ದಾರಿ ಹಿಡಿದರು. ಈ ಜೇಡಿ ಚಿರೋಟಿಯ ಹಾಗೆ ಪದರ ಪದರ. ಒಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು. (ನ್ಯಾನೋ ಎಂದರೆ ನಮಗೆ ಮೊದಲು ಟಾಟಾ ಕಾರೇ ನೆನಪಾಗುತ್ತದೆ, ಇರಲಿ.) ನೀರು ಈ ಪದರಗಳ ನಡುವೆ ನುಗ್ಗುವುದರಿಂದಲೇ ಎರೆ ಉಬ್ಬುತ್ತದೆ. ಅವರು ನೀರಿನ ಜಾಗಕ್ಕೆ ನೈಲಾನ್ ಆಗಬೇಕಾದ ದ್ರವವನ್ನೇ ನುಗ್ಗಿಸಿದರು. ಅದಕ್ಕೆ ಮೊದಲು ಪದರಗಳ ನಡುವಿನ ಸೋಡಿಯಂ ತೆಗೆದು, ಎಣ್ಣೆಯ ಗುಣದ ವಸ್ತುವನ್ನು ಕೂರಿಸಿದರು. ಒಳಗೆ ಹೋದ ದ್ರವ ಅಲ್ಲೇ ನೈಲಾನ್ ಆಗಿ ಬೆಳೆಯುತ್ತಾ ಪದರಗಳನ್ನು ಒಂದೊಂದಾಗಿ ದೂರ ತಳ್ಳಿತು.

ಒಂದು ಗ್ರಾಂ ಜೇಡಿಯನ್ನು ಹೀಗೆ ಪೂರ್ತಿ ಬಿಡಿಸಿದರೆ ಅದರ ಮೈ ಸುಮಾರು 700 ಚದರ ಮೀಟರ್. ಹತ್ತಿರ ಹತ್ತಿರ ಏಳು ಗುಂಟೆ! ಅದಕ್ಕೇ ನೂರಕ್ಕೆ ನಾಲ್ಕೈದು ಪಾಲು ಜೇಡಿ ಸಾಕಾಯಿತು. ಗಡಸು ಸುಮಾರು ಎರಡು ಪಟ್ಟಾಯಿತು, ಎಳೆತ ತಡೆಯುವ ಶಕ್ತಿ ಒಂದೂವರೆ ಪಟ್ಟಾಯಿತು. 65 ಡಿಗ್ರಿಗೇ ಭಾರಕ್ಕೆ ಬಾಗುತ್ತಿದ್ದ ನೈಲಾನ್ 150ರ ಆಸುಪಾಸಿನವರೆಗೆ ತಡೆಯಿತು. ಪೆಟ್ಟು ತಾಳುವ ಶಕ್ತಿ ಮಾತ್ರ ಹೆಚ್ಚಲಿಲ್ಲ. ಟೊಯೋಟಾ ಇದರಿಂದ ಎಂಜಿನ್ನಿನ ಟೈಮಿಂಗ್ ಬೆಲ್ಟಿನ ಮುಚ್ಚಳ ಮಾಡಿತು. ಪೂರ್ಣ ವಿವರದ ಲೇಖನಗಳು 1993ರಲ್ಲಿ ಅಚ್ಚಾದವು, ಆಮೇಲೆ ಜಗತ್ತೆಲ್ಲ ಇದರ ಹಿಂದೆ ಬಿತ್ತು.

ಎಲ್ಲ ಪ್ಲಾಸ್ಟಿಕ್ಕೂ ನೈಲಾನಿನಂತೆ ಒಪ್ಪಲಿಲ್ಲ. ಪಾಲಿಪ್ರೊಪಿಲೀನ್ ಎಣ್ಣೆಯ ಜಾತಿ. ನಡುವೆ ಇಬ್ಬರಿಗೂ ಬೇಕಾದ ದಲ್ಲಾಳಿಯಂಥ ವಸ್ತು ಇಲ್ಲದಿದ್ದರೆ ಜೇಡಿ ಗಂಟುಗಂಟಾಗುತ್ತದೆ, ಆ ಗಂಟಿನಿಂದಲೇ ಬಿರುಕು ಶುರು. ಆದರೂ 2002ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ವ್ಯಾನುಗಳ ಹತ್ತುವ ಮೆಟ್ಟಿಲಿಗೆ ಪಾಲಿಪ್ರೊಪಿಲೀನ್ ಮತ್ತು ರಬ್ಬರಿನ ಮಿಶ್ರಣಕ್ಕೆ ಜೇಡಿ ಸೇರಿಸಿ ಬಳಸಿತು.

ಮಿಶ್ರಣದಲ್ಲಿ ಜೇಡಿಗೆ ಇನ್ನೊಂದು ಕೆಲಸವೂ ಇದೆ, ನಮಗೆ ಹೆಚ್ಚು ಮುಖ್ಯ ಅನಿಸಿದ್ದು ಅದೇ. ಕಸದಲ್ಲಿ ಸಿಕ್ಕ ಬೇರೆ ಬೇರೆ ಪ್ಲಾಸ್ಟಿಕ್ಕನ್ನು ಒಟ್ಟಿಗೆ ಕರಗಿಸಿದರೆ ಎಣ್ಣೆ–ನೀರಿನಂತೆ ಬೇರೆಯಾಗಿ, ಬಂದ ವಸ್ತು ಪುಸಕ್ಕನೆ ಮುರಿಯುತ್ತದೆ. ಜೇಡಿಯ ಪದರಗಳು ಎರಡರ ಗಡಿಯಲ್ಲಿ ಕೂತರೆ ಹನಿಗಳು ಕೂಡಿಕೊಂಡು ದೊಡ್ಡದಾಗುವುದು ಕಡಿಮೆಯಾಗುತ್ತದೆ. ಪ್ರಯೋಗಾಲಯದಲ್ಲಿ ಇದು ಸಾಧ್ಯ. ಕೊಳೆ, ಬಣ್ಣ, ಲೇಬಲ್ ಎಲ್ಲ ಸೇರಿದ ಊರ ಕಸದಲ್ಲಿ ಅಷ್ಟು ಸುಲಭವಲ್ಲ.

ಹಾಗಾದರೆ ಹೊಲದ ಎರೆಯನ್ನೂ ಮಾರಬಹುದಾ ಎಂದು ನಮ್ಮಲ್ಲೇ ಒಬ್ಬರು ಕೇಳಿದರು. ಆಗದು. ಅದರಲ್ಲಿ ಮರಳು, ಕಬ್ಬಿಣದಂಶ, ಸುಣ್ಣದ ಹರಳು ಎಲ್ಲ ಬೆರೆತಿರುತ್ತವೆ. ಟೊಯೋಟಾದವರು ಬಳಸಿದ್ದು ಯಾಮಾಗಾತಾದ ಗಣಿಯಿಂದ ತೆಗೆದು, ತೊಳೆದು ಶುದ್ಧ ಮಾಡಿದ ಜೇಡಿ.