ರೈಲು ಇಳಿದ ಮೇಲಿನ ದಾರಿ

ನಮ್ಮದು ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿ. ಬೆಂಗಳೂರಿಗೆ ಹೊರಟರೆ ನಮ್ಮ ತಾತ, "ಫ್ರೆಂಚ್ ರಾಕ್ಸ್‌ಗೆ ಹೋಗಿ ರೈಲು ಹತ್ತಬೇಕು ಕಣಪ್ಪ" ಅನ್ನುತ್ತಿದ್ದರು. ಅದು ಪಾಂಡವಪುರದ ಹಳೆಯ ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರು.

1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಕೊಡಿಸಿದ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯೂ ಒಂದು. 1882ರಲ್ಲಿ ಆ ಮೀಟರ್‌ಗೇಜ್ ಹಳಿ ಶ್ರೀರಂಗಪಟ್ಟಣದ ಕೋಟೆಯೊಳಗೇ ಹಾದು ಮೈಸೂರು ಮುಟ್ಟಿತು. ಆದರೆ ಪಾಂಡವಪುರದ ನಿಲ್ದಾಣ ಆ ಊರಿನಿಂದ ದೂರ. ನಮ್ಮ ಕಡೆಯವರಿಗೆ ಅಲ್ಲಿಗೆ ತಲುಪುವುದೇ ಒಂದು ಪಯಣ. ತಾತ ರಾತ್ರಿಯೇ ಗಾಡಿ ಕಟ್ಟಿ, ನೊಗದಡಿ ಲಾಟೀನು ತೂಗುಹಾಕಿ, ಚಿನಕುರಳಿ ದಾರಿ ಹಿಡಿಯುತ್ತಿದ್ದರು. ಅವರ ಟ್ರಂಕಿನಲ್ಲಿ ಈಗಲೂ ಒಂದು ದಪ್ಪ ರಟ್ಟಿನ ಟಿಕೆಟ್ ಇದೆ. ಅಂಚಿನಲ್ಲಿ ಕತ್ತರಿಸಿದ ಗುರುತು, ಅಕ್ಷರ ಮಾಸಿದೆ.

1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಆರಂಭಿಸಿತು. ಬರಬರುತ್ತಾ ಎತ್ತಿನಗಾಡಿಯ ಜಾಗಕ್ಕೆ ಬಸ್ಸು ಬಂತು. ಮೈಸೂರು–ಅರಸೀಕೆರೆ ಹಳಿ ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳನ್ನು ಮುಟ್ಟಿದರೂ ಕೆ.ಆರ್. ಪೇಟೆಗೆ ಇವತ್ತಿಗೂ ರೈಲಿಲ್ಲ. ಪಕ್ಕದ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರಕ್ಕೂ ಬೆಂಗಳೂರು–ಹಾಸನ ರೈಲು ಬಂದದ್ದು 2017ರಲ್ಲಿ.

ಬಸ್ಸು ಬಂದರೂ ಅದು ರೈಲಿಗಾಗಿ ಕಾಯುತ್ತಿರಲಿಲ್ಲ. ಒಮ್ಮೆ ನಾವು ಪಾಂಡವಪುರ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಕೊನೆಯ ಬಸ್ಸು ಹೊರಟುಹೋಗಿತ್ತು. ಅಮ್ಮ ಮಡಿಲಲ್ಲಿ ತಂಗಿಯನ್ನು ಮಲಗಿಸಿಕೊಂಡು ಬೆಳಗಿನವರೆಗೆ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಹಳ್ಳಿಯವರ ಪಯಣ ಮನೆಬಾಗಿಲಲ್ಲಿ ಮುಗಿಯುತ್ತದೆ, ನಿಲ್ದಾಣದಲ್ಲಲ್ಲ. ರೈಲಿನ ವೇಳೆಗೆ ಬಸ್ಸು ಕಾಯಬೇಕು. ನಾನು ಕೇಳುವುದು ಅಷ್ಟೇ.