ಕಿವಿ ಆಕ್ಯುಪ್ರೆಷರ್ ಮತ್ತು ಹೃದಯ ಬಡಿತದ ಏರಿಳಿತ

ಹೊರಗಿವಿಯ ಗೊತ್ತುಮಾಡಿದ ಬಿಂದುಗಳನ್ನು ಬೆರಳಿನಿಂದಲೋ ಪ್ಲಾಸ್ಟರಿನಡಿ ಅಂಟಿಸಿದ ಸಣ್ಣ ಕಾಳಿನಿಂದಲೋ ಒತ್ತುವ ಚಿಕಿತ್ಸೆಗೆ ಕಿವಿ ಆಕ್ಯುಪ್ರೆಷರ್ ಎಂದು ಹೆಸರು. ಇದರಲ್ಲಿ ಸೂಜಿ ಚುಚ್ಚುವುದಿಲ್ಲ. ಚೀನಾದಲ್ಲಿ ಇದಕ್ಕೆ ವಕ್ಕೇರಿಯಾ ಗಿಡದ ಕಪ್ಪು ಬೀಜ ಬಳಸುವುದು ರೂಢಿ; ಗಾತ್ರ ಹೆಚ್ಚುಕಡಿಮೆ ಸಾಸಿವೆಯಷ್ಟು. ಬೀಜ ಕೆಲವು ದಿನ ಕಿವಿಯಲ್ಲೇ ಇರುತ್ತದೆ, ರೋಗಿಯೇ ಆಗಾಗ ಅದನ್ನು ಅದುಮಿಕೊಳ್ಳಬೇಕು. ನಿದ್ರೆ ಬಾರದವರು, ಆತಂಕ ಇರುವವರು, ನೋವಿನಿಂದ ಬಳಲುವವರು ಇದರ ಮೊರೆ ಹೋಗುವುದು ಹೆಚ್ಚು. ಹೀಗೆ ಒತ್ತಿದಾಗ ದೇಹದಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನೋಡಲು ಸಂಶೋಧಕರು ಬಳಸುವ ಅಳತೆಗಳಲ್ಲೊಂದು ಹೃದಯ ಬಡಿತದ ಏರಿಳಿತ, ವೈದ್ಯರ ಮಾತಿನಲ್ಲಿ ಎಚ್‌ಆರ್‌ವಿ.

ನಾಡಿ ನಿಮಿಷಕ್ಕೆ 60 ಎಂದರೆ ಸರಿಯಾಗಿ ಸೆಕೆಂಡಿಗೊಂದು ಬಡಿತ ಎಂದುಕೊಳ್ಳುತ್ತೇವೆ. ಇಸಿಜಿ ಹಾಗೆ ಹೇಳುವುದಿಲ್ಲ. ಒಂದು ಅಂತರ 950 ಮಿಲಿಸೆಕೆಂಡ್ ಇದ್ದರೆ ಮುಂದಿನದು 1,040 ಇರಬಹುದು. ಉಸಿರೆಳೆದುಕೊಂಡಾಗ ಬಡಿತ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಜರ್ಮನಿಯ ಕಾರ್ಲ್ ಲುಡ್ವಿಗ್ 1847ರಲ್ಲೇ ಇದನ್ನು ದಾಖಲಿಸಿದ್ದರು. ಮೆದುಳಿನ ಕಾಂಡದಿಂದ ಹೊರಟು ಬಡಿತವನ್ನು ನಿಧಾನಿಸುವ ವೇಗಸ್ ನರಕ್ಕೆ ಹೃದಯದ ಮೇಲಿರುವ ಹಿಡಿತವೇ ಈ ಏರಿಳಿತದ ಮುಖ್ಯ ಕಾರಣ. ಏರಿಳಿತ ಬತ್ತಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಹೃದಯಾಘಾತದಿಂದ ಪಾರಾದ 808 ಮಂದಿಯನ್ನು ಗಮನಿಸಿದ ಅಮೆರಿಕದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. ದಿನವಿಡೀ ದಾಖಲಿಸಿದ ಬಡಿತದ ಅಂತರಗಳ ವಿಚಲನೆ 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ, 100ಕ್ಕಿಂತ ಹೆಚ್ಚಿದ್ದವರಿಗೆ ಹೋಲಿಸಿದರೆ, 5.3 ಪಟ್ಟು ಎಂದು ಅದು ಕಂಡುಕೊಂಡಿತು. ಅಳೆಯುವ ಕ್ರಮಗಳನ್ನು 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರ ಜಂಟಿ ಕಾರ್ಯಪಡೆ ನಿಗದಿ ಮಾಡಿತು.

ಒತ್ತುವ ಬಿಂದುಗಳನ್ನು ತೋರಿಸುವ ಕಿವಿಯ ನಕ್ಷೆ ಹೃದಯದ ದಾರಿಯಿಂದ ಬಂದದ್ದಲ್ಲ, ಸೊಂಟನೋವಿನ ದಾರಿಯಿಂದ ಬಂದದ್ದು. ಫ್ರಾನ್ಸಿನ ಲಿಯೋನ್ ನಗರದ ವೈದ್ಯ ಪಾಲ್ ನೋಜಿಯೆ ತಮ್ಮ ಕೆಲವು ರೋಗಿಗಳ ಕಿವಿಯಲ್ಲಿ ಸುಟ್ಟ ಕಲೆ ಕಂಡರು. ಸಯಾಟಿಕಾ ನೋವಿಗೆ ನಾಟಿವೈದ್ಯರ ಬಳಿ ಹಾಕಿಸಿಕೊಂಡ ಬರೆ ಅದು. ಅದರ ಜಾಡು ಹಿಡಿದು ಹೊರಟ ಅವರು, ಹೊರಗಿವಿಯನ್ನು ತಲೆಕೆಳಗಾದ ಭ್ರೂಣದಂತೆ ಕಾಣುವ ನಕ್ಷೆಯನ್ನು 1950ರ ದಶಕದಲ್ಲಿ ಮುಂದಿಟ್ಟರು. ಕಿವಿಗೂ ದೇಹಕ್ಕೂ ನಂಟಿದೆ ಎಂಬ ಮಾತು ಚೀನಾದಲ್ಲಿ ಹಳೆಯದೇ ಆದರೂ, ಇಂದು ಚಾಲ್ತಿಯಲ್ಲಿರುವ ಬಿಂದುಗಳ ಚಿತ್ರ ಬಹುಪಾಲು ಈ ಫ್ರೆಂಚ್ ನಕ್ಷೆ ಅಲ್ಲಿಗೆ ತಲುಪಿದ ಮೇಲೆ ರೂಪುಗೊಂಡದ್ದು.

ಭ್ರೂಣದ ಚಿತ್ರವನ್ನು ನಂಬದವರೂ ಒಪ್ಪಬೇಕಾದ ಒಂದು ನಿಜ ಅಂಗರಚನೆಯಲ್ಲಿದೆ. ವೇಗಸ್ ನರದ ಒಂದೇ ಒಂದು ಕವಲು ಚರ್ಮದವರೆಗೆ ಬರುತ್ತದೆ, ಬರುವುದು ಕಿವಿಗೆ. ಕಿವಿಯೊಳಗೆ ಕಡ್ಡಿ ಹಾಕಿದಾಗ ಕೆಲವರಿಗೆ ಕೆಮ್ಮು ಬರುವುದು ಇದರಿಂದಲೇ. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಫ್ರೀಡ್ರಿಕ್ ಆರ್ನಾಲ್ಡ್ ಹೆಸರಿನಿಂದ ಈ ಕವಲನ್ನು ಆರ್ನಾಲ್ಡ್ ನರ ಎನ್ನುತ್ತಾರೆ. ಕಿವಿರಂಧ್ರದ ಹಿಂದಿನ ಬಟ್ಟಲಿನಂಥ ತಗ್ಗಿನ ಮೇಲ್ಭಾಗಕ್ಕೆ ಈ ಕವಲೊಂದೇ ಹರಡಿದೆ ಎಂದು ಮೃತದೇಹಗಳನ್ನು ಪರೀಕ್ಷಿಸಿದ ಪ್ಯೂಕರ್ ಮತ್ತು ಫಿಲ್ಲರ್ 2002ರಲ್ಲಿ ವರದಿ ಮಾಡಿದರು. ಅಲ್ಲಿಂದ ಹೊರಟ ಸಂವೇದನೆ ಮೆದುಳಿನ ಕಾಂಡ ಸೇರುತ್ತದೆ. ಹೃದಯವನ್ನು ನಿಧಾನಿಸುವ ವೇಗಸ್ ತಂತುಗಳು ಹೊರಡುವುದೂ ಅದೇ ಕಾಂಡದಿಂದ. ದಾರಿಯೇನೋ ಇದೆ. ಬೆರಳಿನ ಒತ್ತು ಆ ದಾರಿಯಲ್ಲಿ ಎಷ್ಟು ದೂರ ಹೋಗುತ್ತದೆ ಎಂಬುದೇ ತಕರಾರು. ಶಾಲೆಯಲ್ಲಿ ಕಿವಿ ಹಿಂಡಿಸಿಕೊಂಡವರು ಇಲ್ಲಿ ಲಾಭ ಹುಡುಕಬೇಕಾಗಿಲ್ಲ: ಮೇಷ್ಟ್ರ ಕೈಗೆ ಸಿಗುತ್ತಿದ್ದ ಕಿವಿಹಾಲೆಗೆ ನರ ಬರುವುದು ಕತ್ತಿನಿಂದ, ವೇಗಸ್‌ನಿಂದಲ್ಲ.

ಸ್ವೀಡನ್ ಮತ್ತು ಡೆನ್ಮಾರ್ಕಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಸಣ್ಣ ಪ್ರಯೋಗದಲ್ಲಿ ಈ ಬಟ್ಟಲಿಗೆ ಸೂಜಿ ಹಾಕಿದಾಗ ಆರೋಗ್ಯವಂತರಲ್ಲಿ ವೇಗಸ್ ಚಟುವಟಿಕೆಯ ಸೂಚಿ ಏರಿತು. ಒತ್ತುವಿಕೆಯ ಬಗ್ಗೆ ಹೆಚ್ಚು ಉಲ್ಲೇಖವಾಗುವುದು 2013ರ ಚೀನಾ–ಆಸ್ಟ್ರಿಯಾ ಅಧ್ಯಯನ. ನಿದ್ರಾಹೀನತೆಯಿದ್ದ 31 ಮಂದಿಯ ಕಿವಿಯ ಶೆನ್‌ಮೆನ್ ಬಿಂದುವನ್ನು ಒತ್ತಿದ ಮೇಲೆ ಬಡಿತ ಇಳಿಯಿತು, ಒಟ್ಟು ಏರಿಳಿತ ಹೆಚ್ಚಿತು. ಗಮನಿಸಬೇಕಾದ್ದೆಂದರೆ, ಶೆನ್‌ಮೆನ್ ಇರುವುದು ವೇಗಸ್‌ನ ಆ ಬಟ್ಟಲಿನಲ್ಲಲ್ಲ, ಅದಕ್ಕೂ ಮೇಲಿನ ತ್ರಿಕೋನ ಗುಳಿಯಲ್ಲಿ. ಆದ್ದರಿಂದ ಆರ್ನಾಲ್ಡ್ ನರದ ವಿವರಣೆಯನ್ನು ಇದಕ್ಕೆ ನೇರವಾಗಿ ತಗುಲಿಸುವಂತಿಲ್ಲ.

ಇನ್ನೊಂದು ತೊಡಕು ಅಳತೆಯದ್ದೇ. ಕದಲದೆ ಹದಿನೈದು ನಿಮಿಷ ಮಲಗಿದರೆ ಸಾಕು, ಯಾರ ಕಿವಿಯನ್ನೂ ಮುಟ್ಟದೆ ಬಡಿತ ಇಳಿಯುತ್ತದೆ. ಉಸಿರನ್ನು ನಿಮಿಷಕ್ಕೆ ಆರಕ್ಕೆ ಇಳಿಸಿದರೆ ಏರಿಳಿತ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಮಾತು, ಕಾಫಿ, ಹಿಂದಿನ ರಾತ್ರಿಯ ನಿದ್ದೆ, ಕೂತ ಭಂಗಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೊದಲು ಅಳೆದು, ಒತ್ತಿ, ಮತ್ತೆ ಅಳೆಯುವ ಪ್ರಯೋಗದಲ್ಲಿ ಬಿಂದುವಿನ ಪಾಲೆಷ್ಟು, ಮಲಗಿದ್ದರ ಪಾಲೆಷ್ಟು ಎಂದು ಬಿಡಿಸಲಾಗದು. ಅದಕ್ಕಾಗಿಯೇ ಬೇರೊಂದು ಜಾಗವನ್ನು ಅಷ್ಟೇ ಹೊತ್ತು, ಅಷ್ಟೇ ಬಲದಿಂದ ಒತ್ತಿಸಿಕೊಳ್ಳುವ ಹೋಲಿಕೆ ಗುಂಪು ಬೇಕು. ಕೈ ಒತ್ತಡದ ಬಲವನ್ನು ಸಮನಾಗಿ ಇಡುವುದೇ ಕಷ್ಟ. ವಿದ್ಯುತ್ ಪ್ರಚೋದನೆಯಲ್ಲಿ ಈ ತೊಂದರೆ ಕಡಿಮೆ. ಆದರೆ ಅಲ್ಲೂ ಫಲ ಗಟ್ಟಿಯಾಗಿಲ್ಲ. ಕಿವಿಯ ಮೂಲಕ ವೇಗಸ್‌ಗೆ ವಿದ್ಯುತ್ ಹರಿಸಿದ ಪ್ರಯೋಗಗಳನ್ನು ಹುಸಿ ಚಿಕಿತ್ಸೆಯ ಜೊತೆ ಹೋಲಿಸಿ 2021ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆ, ವೇಗಸ್ ಸಂಬಂಧಿ ಏರಿಳಿತದ ಮೇಲೆ ಪರಿಣಾಮವಿಲ್ಲ ಎಂಬ ಕಡೆಗೇ ವಾಲಿತು. ಯಂತ್ರದ ವಿದ್ಯುತ್ತಿಗೇ ಹೀಗಾದರೆ ಬೀಜದ ಒತ್ತಿಗೆ ದೊಡ್ಡ ಮಾತು ಸಲ್ಲದು.

ಬೀಜದಿಂದ ಆಗುವ ತೊಂದರೆ ಸಾಮಾನ್ಯವಾಗಿ ಚರ್ಮ ಕೆಂಪಾಗುವುದು, ನೋವು, ಪ್ಲಾಸ್ಟರಿನ ಅಲರ್ಜಿ ಇಷ್ಟೇ. ಕಿವಿಯಲ್ಲಿ ಹುಣ್ಣಿದ್ದವರು ದೂರವಿರುವುದು ಲೇಸು. ಕೈಗಡಿಯಾರ ತೋರಿಸುವ ಎಚ್‌ಆರ್‌ವಿ ಅಂಕಿ ನೋಡಿ ಚಿಕಿತ್ಸೆ ಫಲಿಸಿತು ಎನ್ನುವವರು ಒಂದು ವಿಷಯ ತಿಳಿದಿರಬೇಕು: ಏಟ್ರಿಯಲ್ ಫಿಬ್ರಿಲೇಷನ್ ಎಂಬ ಲಯಗೇಡಿನಲ್ಲಿ ಬಡಿತ ಅಡ್ಡಾದಿಡ್ಡಿಯಾಗುವುದರಿಂದ ಅಂಕಿ ಮೇಲಕ್ಕೇ ಹೋಗುತ್ತದೆ, ಅಂಥವರಿಗೆ ಕಿವಿ ಒತ್ತುವವರಿಗಿಂತ ಮೊದಲು ಹೃದ್ರೋಗ ತಜ್ಞರು ಬೇಕು.